ಯಜಮಾನ ಬದಲಾದ ತಾಣದಿಂದ ಇಪ್ಪತ್ತು ವರ್ಷದ ಕನ್ನಡ ಎತ್ತಿಕೊಂಡು ಬಂದ ಬಗೆ: ನನ್ನ ಅನುಭವ

ಯಕ್ಷಗಾನ, ತಾಳಮದ್ದಳೆ ಅಂತ ಹರಟುವ ನಮ್ಮ ಬಳಗದ ಅಂತರ್ಜಾಲ ತಾಣವನ್ನು ಅದನ್ನು ಕಟ್ಟಿದವರೇ ಒಂದು ಕಂಪನಿಗೆ ಮಾರಿದರು. "ಏನೂ ಬದಲಾಗುವುದಿಲ್ಲ" ಎಂಬ ಪ್ರಕಟಣೆ ಬಂತು. ಇಂಥ ಮಾತಿನ ಬೆಲೆ ತಿಳಿಯಬೇಕಾದವರು ಯಾಹೂ ಗ್ರೂಪ್ಸ್ ಎಂಬ ಇಮೇಲ್ ಬಳಗಗಳ ತಾಣವನ್ನು ನೆನಪು ಮಾಡಿಕೊಳ್ಳಲಿ. 2017ರಲ್ಲಿ ವೆರೈಝನ್ ಕಂಪನಿಯ ಕೈ ಸೇರಿತು, 2019ರಲ್ಲಿ ಹಳೇ ಸಂದೇಶ ಅಳಿಸುವ ಘೋಷಣೆ, 2020ರ ಡಿಸೆಂಬರಿಗೆ ಬೀಗ. ಫ್ಲಿಕರ್ 2018ರಲ್ಲಿ ಕೈಬದಲಾಗಿಯೂ ಉಳಿಯಿತು ನಿಜ, ಆದರೆ ಉಚಿತ ಖಾತೆಗೆ 1,000 ಫೋಟೋ ಮಿತಿಯ ಘೋಷಣೆ ಅದೇ ವರ್ಷ ಬಂತು. 2021ರ ಮೇ ತಿಂಗಳಲ್ಲಿ ಯಜಮಾನಿಕೆಯ ಜಗಳಕ್ಕೆ ಹರಟೆ ಜಾಲ ಫ್ರೀನೋಡ್‌ನ ಸ್ವಯಂಸೇವಕರು ಒಟ್ಟಾಗಿ ಎದ್ದು ಹೋಗಿ ಲಿಬೆರಾ ಚಾಟ್ ಕಟ್ಟಿದರು. ಟ್ವಿಟರ್ ಥರದ, ಬೆಂಗಳೂರಿನ 'ಕೂ' ಮೊದಲು ಶುರುವಾದದ್ದೇ ಕನ್ನಡದಲ್ಲಿ. ಮಾರಾಟದ ಮಾತುಕತೆ ಕುದುರದೆ 2024ರಲ್ಲಿ ಮುಚ್ಚಿತು.

ಹಾಗಾಗಿ ಕಾಗದಪತ್ರ ಮುಗಿಯುವ ಮೊದಲೇ ಹಳೇ ಯಜಮಾನರಿಂದ ಒಪ್ಪಿಗೆ ಬರೆಸಿಕೊಂಡು ಡೇಟಾಬೇಸ್ ಡಂಪ್ (ತಾಣದ ಬರಹಗಳೆಲ್ಲ ಇರುವ ನಕಲು) ತೆಗೆದುಕೊಂಡೆವು. ಖಾಸಗಿ ಸಂದೇಶಗಳ ಟೇಬಲ್ ಮತ್ತು ಪಾಸ್‌ವರ್ಡ್ ಕಾಲಂ ಎರಡನ್ನೂ ಅವರ ಕಡೆಯೇ ತೆಗೆಸಿದೆವು. ಅವು ನಮಗೆ ಬೇಡ, ಇಟ್ಟುಕೊಂಡರೆ ತಲೆನೋವು. ಉಳಿದದ್ದು ಸುಮಾರು ಒಂದೂಮುಕ್ಕಾಲು ಲಕ್ಷ ಬರಹ. ಇದನ್ನು ಹೊಸ ಸಾಫ್ಟ್‌ವೇರಿಗೆ ಹಾಕಿದರೆ ಕನ್ನಡವೆಲ್ಲ ಕಸ ಆಗುತ್ತೆ, ಹೊಸದಾಗಿ ಶುರು ಮಾಡಿ ಅಂತ ಬಳಗದ ಐಟಿ ಮಂದಿಯೇ ಹೇಳಿದರು. ಅವರಲ್ಲಿ ಇಬ್ಬರು ಕೈ ಹಾಕಿ ಬಿಟ್ಟಿದ್ದರು ಕೂಡ.

ಬಿಟ್ಟದ್ದು ಯಾಕೆ ಅಂದರೆ, ಆ ಡಂಪಿನೊಳಗೆ ನಾಲ್ಕು ಬಗೆಯ ಕನ್ನಡ ಇತ್ತು. 2005ರ ಸುಮಾರಿನದು ನುಡಿ ಫಾಂಟಿನ ಹಳೇ ಬರಹ, ಅಂದರೆ ಕನ್ನಡವೇ ಅಲ್ಲ, ಫಾಂಟ್ ಹಾಕಿದರೆ ಮಾತ್ರ ಕನ್ನಡದಂತೆ ಕಾಣುವ ಇಂಗ್ಲಿಷ್ ಅಕ್ಷರ. ಅದಾದ ಮೇಲಿನದು ಬ್ರೌಸರೇ ಸಂಖ್ಯೆಗೆ ತಿರುಗಿಸಿಟ್ಟ ಯೂನಿಕೋಡ್, 'ಕ' ಬರೆದರೆ 3221 ಅಂತ ಕೂತಿರುತ್ತೆ. ಮೂರನೆಯದು ಲ್ಯಾಟಿನ್‌ವನ್ (ಇಂಗ್ಲಿಷ್, ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ) ಟೇಬಲ್ಲಿಗೆ ಸುರಿದ ಯುಟಿಎಫ್-8, ಅಂದರೆ ಕನ್ನಡದ ಪ್ರತಿ ಅಕ್ಷರಚಿಹ್ನೆಯನ್ನು ಮೂರು ಬೈಟಾಗಿ ಇಡುವ ಪದ್ಧತಿ; ಹೀಗೆ ಎರಡು ಸಲ ಎನ್‌ಕೋಡ್ ಆಗಿತ್ತು. ಕೊನೆಯದು ಸರಿಯಾದದ್ದು. ಒಂದೇ ಟೇಬಲ್, ಅಕ್ಕಪಕ್ಕದ ಸಾಲು, ಬೇರೆ ಬೇರೆ ಬಗೆ. ಇಡೀ ಟೇಬಲ್ಲಿಗೆ ಒಂದೇ ಪರಿವರ್ತನೆ ಓಡಿಸಿದವರೆಲ್ಲ ಸೋತದ್ದು ಇಲ್ಲೇ. ಒಂದು ಸರಿಯಾದರೆ ಮೂರು ಕೆಡುತ್ತೆ. ಸಾಲು ಸಾಲಾಗಿ ಪತ್ತೆ ಮಾಡಿಯೇ ಮುಟ್ಟಬೇಕು.

ಪತ್ತೆ ಸುಲಭ. ಎರಡು ಸಲ ಎನ್‌ಕೋಡ್ ಆದದ್ದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೊದಲು ಗೀಟು ಹೊತ್ತ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಬರೆದ 2 ಅಥವಾ 3 ಬರುತ್ತೆ. ನುಡಿಯದಾದರೆ ಗೀಟು ಹೊತ್ತ ದೊಡ್ಡ ಎ ಎಲ್ಲೆಲ್ಲೂ. 'ಕನ್ನಡ' ಅನ್ನುವ ಪದವೇ ದೊಡ್ಡ ಪಿ, ಗೀಟಿನ ಎ, ಪೌಂಡಿನ ಗುರುತು ಅಂತ ಶುರುವಾಗುತ್ತೆ. ಸಂಖ್ಯೆಯದಾದರೆ 3200ರಿಂದ 3327ರ ಒಳಗಿರಬೇಕು. ಮೊದಲು ಎರಡು ಸಲದ್ದು ಬಿಡಿಸಿ, ಆಮೇಲೆ ಸಂಖ್ಯೆ, ನುಡಿ ಕಟ್ಟಕಡೆಗೆ. ಈ ಕ್ರಮ ತಪ್ಪಿಸಬಾರದು.

ಎರಡು ಸಲದ್ದನ್ನು ಬಿಡಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಡೇಟಾಬೇಸ್ ಸಾಫ್ಟ್‌ವೇರಾದ ಮೈಎಸ್‌ಕ್ಯುಎಲ್‌ನ ಲ್ಯಾಟಿನ್‌ವನ್ ನಿಜವಾಗಿ ವಿಂಡೋಸ್-1252 ಎಂಬ ಅಕ್ಷರ ಕೋಷ್ಟಕ. ಅದರ ಕೋಷ್ಟಕದಲ್ಲಿ ಐದು ಮನೆ ಖಾಲಿ. ಮೈಎಸ್‌ಕ್ಯುಎಲ್ ಅವನ್ನು ಹಾಗೇ ದಾಟಿಸಿಬಿಡುತ್ತೆ, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಬಿಡುವುದಿಲ್ಲ. ಕನ್ನಡದ ಗ್ರಹಚಾರಕ್ಕೆ ಆ ಐದು ಬೈಟುಗಳಲ್ಲೇ ಹಲಂತ (ಒತ್ತಕ್ಷರ ಕಟ್ಟುವ ಗುರುತು) ಮತ್ತು ಕೊಂಬು ಕೂತಿವೆ, ಜೊತೆಗೆ ಏ, ಐ, ಝ. ತಪ್ಪಾದರೆ ಪ್ರಶ್ನೆಚಿಹ್ನೆ ಹಾಕು ಅಂತ ಓಡಿಸಿದರೆ ಒತ್ತಕ್ಷರ ಒಂದೂ ಉಳಿಯಲ್ಲ. ಹಿಂದಿನವರು 'ಎಲ್ಲ ಹಾಳಾಗಿದೆ' ಅಂದದ್ದು ಇದನ್ನು ನೋಡಿಯೇ. ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿಯಲ್ಲಿ (ಕೆಟ್ಟ ಅಕ್ಷರ ರಿಪೇರಿಯ ಸಿದ್ಧ ಕೋಡ್) ಈ ಖಾಲಿ ಮನೆಗಳನ್ನು ದಾಟಿಸುವ ಸಡಿಲ ಕೋಡೆಕ್ (ಪರಿವರ್ತಕ) ಇದೆ, ಅದನ್ನಷ್ಟೇ ಎತ್ತಿಕೊಳ್ಳಿ. ಲೈಬ್ರರಿಯ ಉಳಿದ ರಿಪೇರಿಗಳು ಉದ್ಧರಣ ಚಿಹ್ನೆಗಳನ್ನೂ ಬದಲಿಸುತ್ತವೆ, ಆಫ್ ಮಾಡಿ.

ಇನ್ನೆರಡು ಸಣ್ಣ ಕಾಟ. 'ಭ'ದ ಕೊನೇ ಬೈಟು ಕಣ್ಣಿಗೆ ಕಾಣದ ಸಾಫ್ಟ್ ಹೈಫನ್ ಆಗಿ ಕಾಣಿಸುತ್ತೆ, ಸ್ವಚ್ಛ ಮಾಡುವ ಸ್ಕ್ರಿಪ್ಟುಗಳು ಅದನ್ನು ನುಂಗುತ್ತವೆ. 'ಠ'ದ ಕೊನೇ ಬೈಟು ಮುರಿಯದ ಖಾಲಿ ಜಾಗ, ಅದನ್ನು ಮಾಮೂಲಿ ಖಾಲಿ ಜಾಗ ಮಾಡಿಬಿಡುತ್ತವೆ. ಭಾಗವತರ ಹೆಸರಿಲ್ಲದ ಬರಹವೇ ಇಲ್ಲದ ಬಳಗದಲ್ಲಿ 'ಭ' ಹೋದರೆ ಗತಿಯೇನು! ಆದರೆ ಇವೆರಡೂ ಬಹುಪಾಲು ವಾಪಸ್ ಬರುತ್ತವೆ. ಮೊದಲ ಎರಡು ಬೈಟು ಮಾತ್ರ ನೇತಾಡುತ್ತಾ ಮುಂದೆ ಇನ್ನೊಂದು ಅಕ್ಷರ ಶುರುವಾದರೆ ಅದು 'ಭ', ಖಾಲಿ ಜಾಗ ಬಂದರೆ 'ಠ'. 'ಲಾಭ'ದ ಹಾಗೆ ಪದದ ಕೊನೆಗೆ 'ಭ' ಬಂದರೆ ಅಲ್ಲೂ ಖಾಲಿ ಜಾಗವೇ ಸಿಗುತ್ತೆ, ಅಲ್ಲಿ ಮಾತ್ರ ಪದ ನೋಡಿ ತೀರ್ಮಾನಿಸಬೇಕು. (ಕಣ್ಣು ಕೆಕ್ಕರಿಸುವ ಮುಖಕ್ಕೆ ಲೋಕವೆಲ್ಲ ಬಳಸುವ ಎರಡು 'ಠ' ಕೂಡ ಹಳೇ ಬರಹಗಳಿಂದ ಹೀಗೇ ಮಾಯವಾಗಿತ್ತು.)

ಪ್ರಶ್ನೆಚಿಹ್ನೆಯಾಗಿ ಆಗಲೇ ಹೋದ ಹಲಂತ ಮತ್ತು ಕೊಂಬು ಮಾತ್ರ ಕಷ್ಟ, ಎರಡೂ ಒಂದೇ ಥರ ಕಾಣುತ್ತವೆ. ಸರಿಯಿದ್ದ ಬರಹಗಳಿಂದಲೇ ಪದಪಟ್ಟಿ ಮಾಡಿ, ಎರಡನ್ನೂ ಹಾಕಿ ನೋಡಿ, ಯಾವ ಪದ ಪಟ್ಟಿಯಲ್ಲಿದೆಯೋ ಅದನ್ನು ಇಟ್ಟೆವು. ಹತ್ತರಲ್ಲಿ ಒಂಬತ್ತು ಸರಿಹೋಯಿತು. ಊರು, ಕಲಾವಿದರು, ಪ್ರಸಂಗಗಳ ಹೆಸರಿಗೆ ಬೇರೆ ಉಪಾಯ ಬಳಸಿದ್ದೇವೆ. ಅದನ್ನು ಇಲ್ಲಿ ಹೇಳುವುದಿಲ್ಲ, ಬೇಕಾದವರು ತಲೆ ಓಡಿಸಲಿ.

ನುಡಿಯಿಂದ ಯೂನಿಕೋಡ್ ಪರಿವರ್ತಕಗಳು ಬೇಕಾದಷ್ಟಿವೆ. ಕೆಡುವುದು ಅರ್ಕಾವೊತ್ತಿನಲ್ಲಿ. ನುಡಿಯಲ್ಲಿ ಅದರ ಗುರುತು ವ್ಯಂಜನ, ಸ್ವರಚಿಹ್ನೆ ಎಲ್ಲ ಆದ ಮೇಲೆ ಬರುತ್ತೆ, ಯೂನಿಕೋಡಲ್ಲಿ ರಕಾರ ಮೊದಲು. 'ಸೂರ್ಯ' ಸರಿ ಬಂತು ಅಂತ ಬೀಗಬೇಡಿ, ಅರ್ಕಾವೊತ್ತಿನ ಜೊತೆ ಇನ್ನೊಂದು ಒತ್ತು, ಮೇಲೊಂದು ದೀರ್ಘ ಇರುವ ಪದ ಹಾಕಿ ಪರೀಕ್ಷಿಸಿ. ನುಡಿ ಬರಹದ ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಸವಾಗುತ್ತೆ. ಹಾಗಾಗಿ ಗೀಟು ಹೊತ್ತ ಅಕ್ಷರ ಒಂದೂ ಇಲ್ಲದ ಪದವನ್ನು ಮುಟ್ಟದೆ ಬಿಟ್ಟೆವು. ಇದರಿಂದ ಕೆಲವು ಚಿಕ್ಕ ಕನ್ನಡ ಪದಗಳೂ ಇಂಗ್ಲಿಷಾಗೇ ಉಳಿದವು, ಅದು ಕಡಿಮೆ ನಷ್ಟ.

ತಲೆಬರಹಗಳದು ಬೇರೆ ಕಥೆ. ಆ ಕಾಲಂ 60 ಬೈಟಿನದು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟು, ಅಂದರೆ 20ಕ್ಕೆ ಕತ್ತರಿ. ಸಂಖ್ಯೆಯ ರೂಪದಲ್ಲಿದ್ದರೆ ಹಿಂದೆ ಮುಂದೆ ಬರುವ ಗುರುತುಗಳೂ ಸೇರಿ (ಕ) ಒಂದಕ್ಕೆ 7, ಎಂಟಕ್ಕೇ ಮುಗಿಯಿತು. ಅರ್ಧ ಕತ್ತರಿಸಿದ ಕೊನೇ ಅಕ್ಷರ ತೆಗೆದು ಮೂರು ಚುಕ್ಕಿ ಹಾಕಿದ್ದಷ್ಟೇ. ಹೋದದ್ದು ಹೋಯಿತು.

ಹೊಸ ಜಾಗಕ್ಕೆ ಡಿಸ್ಕೋರ್ಸ್ ಎಂಬ ಚರ್ಚಾತಾಣದ ಸಾಫ್ಟ್‌ವೇರ್ ಹಾಕಿದೆವು. ಅದರಲ್ಲಿ ಹಳೇ ತಾಣದ ಸಾಫ್ಟ್‌ವೇರಾದ ಪಿಎಚ್‌ಪಿಬಿಬಿಯಿಂದ ತರುವ ಸ್ಕ್ರಿಪ್ಟ್ ಸಿದ್ಧವಾಗೇ ಇದೆ, ನಾವು ತಿದ್ದಿದ ಡೇಟಾಬೇಸ್ ಅದಕ್ಕೆ ಕೊಟ್ಟರೆ ಸಾಕು. 1 ಜಿಬಿ ಮೆಮೊರಿಯ ಸರ್ವರಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಲ್ಲದೆ ರಿಬಿಲ್ಡ್ (ಸಾಫ್ಟ್‌ವೇರನ್ನು ಮತ್ತೆ ಕಟ್ಟುವುದು) ಮಾಡಿದರೆ ಮಧ್ಯದಲ್ಲೇ ಸಾಯುತ್ತೆ. 2 ಜಿಬಿ ತೆಗೆದುಕೊಂಡು ಇನ್ನೊಂದು 2 ಜಿಬಿ ಸ್ವಾಪ್ ಕೊಡಿ. ಹಳೇ ಬರಹ ತುಂಬುವ ಇಂಪೋರ್ಟನ್ನು ಮಾತ್ರ ಆ ಚಿಕ್ಕ ಸರ್ವರಲ್ಲಿ ಮಾಡಬೇಡಿ. ಗಂಟೆ ಲೆಕ್ಕದ 8 ಜಿಬಿ ಯಂತ್ರ ಬಾಡಿಗೆಗೆ ಹಿಡಿದು, ಅಲ್ಲಿ ಮುಗಿಸಿ, ಬ್ಯಾಕಪ್ ತೆಗೆದು, ಚಿಕ್ಕದರಲ್ಲಿ ರೀಸ್ಟೋರ್ ಮಾಡಿ, ದೊಡ್ಡದನ್ನು ಅಳಿಸಿಬಿಡಿ. ಮುನ್ನೂರು ನಾನೂರು ರೂಪಾಯಿಯಲ್ಲಿ ಮುಗಿಯಿತು. ಚಿಕ್ಕದರ ಆವೃತ್ತಿ ದೊಡ್ಡದಕ್ಕಿಂತ ಹಳೆಯದಾಗಿದ್ದರೆ ರೀಸ್ಟೋರ್ ಒಪ್ಪುವುದಿಲ್ಲ, ನೆನಪಿರಲಿ. ಉತ್ತರಕ್ಕೆ ಕನಿಷ್ಠ 20 ಅಕ್ಷರ ಅನ್ನುವ ನಿಯಮ ಮೊದಲು ಇಳಿಸಿ. 'ಭೇಷ್' ಅಂತ ಬರೆದು ಹೋಗುವವರು ಅದೊಂದೇ ಕಾರಣಕ್ಕೆ ಬಿಟ್ಟು ಹೋಗುತ್ತಾರೆ.

ಇಮೇಲೇ ನಿಜವಾದ ಪರೀಕ್ಷೆ. ಪಾಸ್‌ವರ್ಡ್ ತಂದಿಲ್ಲವಲ್ಲ, ಎಲ್ಲರೂ ಇಮೇಲಿಂದಲೇ ಒಳಗೆ ಬರಬೇಕು. ಸುಮಾರು ನಾಲ್ಕು ಸಾವಿರ ವಿಳಾಸ, ಮೂರರಲ್ಲಿ ಒಂದು ಸತ್ತದ್ದು. ಹೊಸ ಡೊಮೇನಿಂದ ಒಂದೇ ದಿನ ಎಲ್ಲ ಕಳಿಸಿದರೆ ನೇರ ಸ್ಪ್ಯಾಮಿಗೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಪತ್ರ ನಮ್ಮಿಂದಲೇ ಬಂತು ಅಂತ ತೋರಿಸುವ ಡೊಮೇನ್ ಗುರುತುಗಳು) ಮೂರೂ ಹಾಕಿ, ದಿನಕ್ಕೆ ಐವತ್ತರಿಂದ ಶುರು ಮಾಡಿ, ಚಟುವಟಿಕೆಯಿಂದ ಇರುವವರಿಗೆ ಮೊದಲು ಕಳಿಸಿ ಏರಿಸಿದೆವು. ಬಹಳಷ್ಟು ಸರ್ವರ್ ಕಂಪನಿಗಳು ಇಮೇಲ್ ಹೊರಹೋಗುವ ದಾರಿಯಾದ 25ನೇ ಪೋರ್ಟ್ ಮುಚ್ಚಿರುತ್ತವೆ. 587 ಕೂಡ ಹೋಗದಿದ್ದರೆ 2525 ನೋಡಿ.

ದುಡ್ಡಿನ ಲೆಕ್ಕ: ಸರ್ವರಿಗೆ ತಿಂಗಳಿಗೆ ಸಾವಿರದ ಆಸುಪಾಸು, ವಿದೇಶಿ ಕಂಪನಿಯಾದರೂ 18% ಜಿಎಸ್‌ಟಿ ಸೇರುತ್ತೆ. ಡೊಮೇನ್, ಇಮೇಲ್, ಬ್ಯಾಕಪ್ ಸೇರಿ ಮೊದಲ ವರ್ಷ ಇಪ್ಪತ್ತು ಸಾವಿರದೊಳಗೆ. ತಲಾ 500 ಎತ್ತಿದೆವು, ಅರವತ್ತು ಜನ ಕೊಟ್ಟರು, ಮಿಕ್ಕಿತು. 2021ರ ಅಕ್ಟೋಬರಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ವಿದೇಶಿ ಕಂಪನಿಗೆ ಕಾರ್ಡಿಂದ ತಾನಾಗೇ ಕಡಿತವಾಗುತ್ತೆ ಅಂತ ನಂಬಿ ಕೂರುವ ಹಾಗಿಲ್ಲ, ಮುಂಗಡ ತುಂಬಿಡಿ. ವಿದೇಶಿ ಪೌರತ್ವ ಪಡೆದವರು ಕಳಿಸುವ ಹಣಕ್ಕೆ ವಿದೇಶಿ ದೇಣಿಗೆ ಕಾನೂನು ಅಡ್ಡ ಬರಬಹುದು. ಹಾಗಾಗಿ ಅಮೆರಿಕದ ಪೌರರಾದವರ ಹತ್ತಿರ ನಾವು ಕೇಳಲೇ ಇಲ್ಲ. ದುಬೈ, ಮಸ್ಕತ್‌ನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಆ ತೊಡಕಿಲ್ಲ.

ನಡುವೆ ಆಡಿಯೋ ಪ್ರಯೋಗವೂ ನಡೆಯಿತು. ತಾಳಮದ್ದಳೆಯ ಒಂದು ಗಂಟೆ ಎಂಪಿ3, 128 ಕೆಬಿಪಿಎಸ್‌ನಲ್ಲಿ 58 ಎಂಬಿ ತಿನ್ನುತ್ತೆ. ಓಪಸ್ ಎಂಬ ಇನ್ನೊಂದು ಆಡಿಯೋ ರೂಪದಲ್ಲಿ 24ಕ್ಕೆ ಇಳಿಸಿದರೆ 11 ಎಂಬಿ. ಅರ್ಥಧಾರಿಗಳ ಮಾತು ಚೆನ್ನಾಗೇ ಕೇಳುತ್ತೆ, ಚೆಂಡೆ ಬಿದ್ದ ಕೂಡಲೇ ತಗಡು ಬಡಿದ ಹಾಗೆ. 48ರಲ್ಲಿ ನಿಂತೆವು, 22 ಎಂಬಿ. ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್ ಟೆಸೆರಾಕ್ಟ್‌ನಿಂದ ಪ್ರಸಂಗದ ಹಳೇ ಪುಟಗಳ ಫೋಟೋ ಓದಿಸಿದ್ದು ಮಾತ್ರ ಕೈಗೆ ಹತ್ತಲಿಲ್ಲ. ತಾಳದ ಗುರುತು, ಪದ್ಯದ ಸಂಖ್ಯೆ ಎಲ್ಲ ಕಲಸಿಕೊಂಡು ಬಂತು.

ಹಳೇ ಕೊಂಡಿಗಳಿಗೆ ಪೂರ್ತಿ ಮದ್ದಿಲ್ಲ. ಹಳೇ ಡೊಮೇನ್ ಹೊಸ ಯಜಮಾನರದು, ಅಲ್ಲಿಂದ ಇಲ್ಲಿಗೆ ತಿರುಗಿಸುವುದು ನಮ್ಮ ಕೈಲಿಲ್ಲ. ಹಳೇ ಚರ್ಚೆಯ ಸಂಖ್ಯೆಯನ್ನು ಡಿಸ್ಕೋರ್ಸ್‌ನ ಪರ್ಮಲಿಂಕಿಗೆ (ಬದಲಾಗದ ವಿಳಾಸಕ್ಕೆ) ಜೋಡಿಸಿದ್ದೇವೆ, ಹಾಗಾಗಿ ವಿಳಾಸದಲ್ಲಿ ಡೊಮೇನ್ ಹೆಸರಷ್ಟೇ ಬದಲಿಸಿದರೆ ಬರಹ ತೆರೆದುಕೊಳ್ಳುತ್ತೆ. ಹೊಸ ಡೊಮೇನ್ ಒಬ್ಬರ ಹೆಸರಲ್ಲಿದ್ದರೂ ಖಾತೆಯ ಕೀಲಿ ಮೂವರ ಹತ್ತಿರ ಇದೆ, ಐದು ವರ್ಷದ ಹಣ ಕಟ್ಟಾಗಿದೆ. ಬ್ಯಾಕಪ್ ಪ್ರತಿ ವಾರ ಕುಂದಾಪುರ ಮತ್ತು ಮುಂಬೈನ ಎರಡು ಮನೆಗಳ ಹಾರ್ಡ್‌ಡಿಸ್ಕಿಗೆ ಇಳಿಯುತ್ತೆ. ಬಾಕಿ ಉಳಿದಿರುವುದು 2009ಕ್ಕೂ ಹಿಂದಿನ ಲಗತ್ತು ಚಿತ್ರಗಳು. ಡಂಪಿನಲ್ಲಿ ಅವುಗಳ ಹೆಸರಿದೆ, ಕಡತ ಇಲ್ಲ. ಯಾರದ್ದಾದರೂ ಹಳೇ ಸಿಡಿಯಲ್ಲಿ ಇದ್ದರೆ ಕಡತದ ಹೆಸರು ಬದಲಿಸದೆ ಹಾಗೇ ಕಳಿಸಲಿ, ಆ ಹೆಸರಿಂದಲೇ ಜಾಗಕ್ಕೆ ಕೂರಿಸುವ ಸ್ಕ್ರಿಪ್ಟ್ ತಯಾರಿದೆ.