ಸೆಕ್ಯುರಿಟಿ ಕೆಲಸಕ್ಕೆ ಬಂದೂಕು: ಜಿಲ್ಲೆ ದಾಟುವ ಲೈಸೆನ್ಸ್ ಸಮಸ್ಯೆ ಬಗೆಹರಿದದ್ದು ಹೀಗೆ

ಶಿರಸಿಯ ಅಡಿಕೆ ಗೋದಾಮಿಗೆ ನಮ್ಮ ಏಜೆನ್ಸಿಯಿಂದ ಬಂದೂಕುಧಾರಿ ಕಾವಲುಗಾರ ಬೇಕಿತ್ತು. ಹಾವೇರಿಯ ನಿವೃತ್ತ ಸೈನಿಕರೊಬ್ಬರು ಒಪ್ಪಿದರು. ಆದರೆ ಅವರ ಲೈಸೆನ್ಸ್ ಹಾವೇರಿ ಜಿಲ್ಲೆಗೆ ಮಾತ್ರ.

ಏಜೆನ್ಸಿ ಹೆಸರಲ್ಲೇ ಬಂದೂಕು ಪಡೆಯಲು ನೋಡಿದೆವು, ಆಗಲಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಸಿಗುವ ಏಜೆನ್ಸಿ ಲೈಸೆನ್ಸೇ ಬೇರೆ, ಬಂದೂಕಿನದ್ದೇ ಬೇರೆ. ತೋಟದವರ ಬಂದೂಕು ತರೋಣ ಎಂದು ಕೆಲವರು ಹೇಳಿದರು. ಅದು ಬೆಳೆ ರಕ್ಷಣೆಗೆ ಕೊಟ್ಟದ್ದು, ಸಂಬಳದ ಕಾವಲಿಗಲ್ಲ. ಆ ದಾರಿಗೆ ಹೋಗಲೇಬೇಡಿ.

ಕೆಲಸ ಆದದ್ದು ಈ ಕ್ರಮದಲ್ಲಿ. ಮೊದಲು ಲೈಸೆನ್ಸಿನ ಅವಧಿ ನೋಡಿದೆವು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅವಧಿ 5 ವರ್ಷ. ಯುಐಎನ್ (ಬಂದೂಕು ಲೈಸೆನ್ಸುದಾರರ ರಾಷ್ಟ್ರೀಯ ದಾಖಲೆಯಲ್ಲಿ ಸಿಗುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ ಎಂದೂ ಖಚಿತ ಮಾಡಿಕೊಂಡೆವು, ಅದಿಲ್ಲದೆ ಮುಂದೆ ಹೋಗಲಾಗದು. ಆಮೇಲೆ ಅವರು ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದರು. ಮನೆ ಬದಲಾದ 30 ದಿನದೊಳಗೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟೆವು. ಜೊತೆಗೆ ಮೂಲ ಲೈಸೆನ್ಸ್, ಬಾಡಿಗೆ ಕರಾರು, ನಮ್ಮ ನೇಮಕ ಪತ್ರ. ಮುಖ್ಯವಾದದ್ದು ಇದು: ವಿಳಾಸ ಬದಲಾವಣೆ ಕೇಳಿದರೆ ಸಾಲದು, ಬಂದೂಕು ಒಯ್ಯುವ ವ್ಯಾಪ್ತಿಗೆ ಉತ್ತರ ಕನ್ನಡವನ್ನೂ ಸೇರಿಸಿ ಎಂದು ಅದೇ ಅರ್ಜಿಯಲ್ಲಿ ಬರೆಯಬೇಕು. ಪೊಲೀಸ್ ಪರಿಶೀಲನೆ ಮುಗಿದು ಲೈಸೆನ್ಸಿನಲ್ಲಿ ನಮೂದಾಗುವವರೆಗೆ ಬಂದೂಕು ಹಾವೇರಿಯಲ್ಲೇ ಇತ್ತು. ಅಲ್ಲಿಯವರೆಗೆ ಅವರು ಲಾಠಿ ಹಿಡಿದೇ ಪಾಳಿ ಮಾಡಿದರು.