ಚಹಾದ ಬಗೆಗೆ ತಕ್ಕಷ್ಟೇ ಬಿಸಿಯ ನೀರು

ಹಸಿರು ಚಹಾ ವಿಪರೀತ ಕಹಿ ಎಂದು ದೂರುವವರು ಮೊದಲು ನೀರಿನ ಬಿಸಿಯನ್ನು ಗಮನಿಸಬೇಕು. ಬಹುತೇಕ ಸಂದರ್ಭಗಳಲ್ಲಿ ದೋಷ ಎಲೆಯದಾಗಿರುವುದಿಲ್ಲ. ಹಸಿರು, ಬಿಳಿ, ಊಲಾಂಗ್, ಕಪ್ಪು ಚಹಾಗಳೆಲ್ಲವೂ ಕಮೀಲಿಯಾ ಸೈನೆನ್ಸಿಸ್ ಎಂಬ ಒಂದೇ ಸಸ್ಯದಿಂದ ಬರುತ್ತವೆ. ಚೀನಾದ ಸಣ್ಣ ಎಲೆಯದು ಮತ್ತು ಅಸ್ಸಾಮಿನ ದೊಡ್ಡ ಎಲೆಯದು ಅದರ ಎರಡು ಮುಖ್ಯ ಪ್ರಭೇದಗಳು. ಆದರೂ ಬಗೆಯನ್ನು ನಿರ್ಧರಿಸುವುದು ಕೊಯ್ದ ಎಲೆ ಎಷ್ಟರ ಮಟ್ಟಿಗೆ ಉತ್ಕರ್ಷಣೆಗೊಂಡಿದೆ, ಅಂದರೆ ಗಾಳಿಯ ಆಮ್ಲಜನಕ ತಾಗಿ ಕಪ್ಪಾಗಿದೆ, ಎಂಬುದೇ.

ಹಸಿರು ಚಹಾದಲ್ಲಿ ಈ ಕ್ರಿಯೆಯನ್ನು ಆರಂಭದಲ್ಲೇ ಶಾಖದಿಂದ ತಡೆಯುತ್ತಾರೆ: ಚೀನಾದ ಲಾಂಗ್‌ಜಿಂಗ್ ಎಲೆಯನ್ನು ಬಾಣಲೆಯಲ್ಲಿ ಹುರಿದರೆ, ಜಪಾನಿನ ಸೆಂಚಾ ಎಲೆಯನ್ನು ಹಬೆಯಲ್ಲಿ ಬಾಡಿಸುತ್ತಾರೆ. ಇವಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಮತ್ತು ಒಂದೆರಡು ನಿಮಿಷ ಸಾಕು. ಕುದಿಯುವ ನೀರನ್ನು ಸುರಿದರೆ ಕ್ಯಾಟೆಚಿನ್ ಎಂಬ ಒಗರಿನ ಅಂಶಗಳು ಬೇಗನೆ ಹೆಚ್ಚಾಗಿ ಇಳಿದು ಎಲೆಯ ಸಹಜ ಸಿಹಿಯನ್ನು ಮುಚ್ಚಿಬಿಡುತ್ತವೆ. ನೆರಳಿನಲ್ಲಿ ಬೆಳೆಸುವ ಗ್ಯೋಕುರೊಗಂತೂ 50ರಿಂದ 60 ಡಿಗ್ರಿಯೇ ಹಿತ.

ಚೀನಾದ ಫುಜಿಯಾನ್ ಪ್ರಾಂತ್ಯ ಮತ್ತು ತೈವಾನಿನ ಊಲಾಂಗ್ ಅರೆ ಉತ್ಕರ್ಷಣೆಗೊಂಡದ್ದು. 85ರಿಂದ 95 ಡಿಗ್ರಿಯಲ್ಲಿ ಅದೇ ಎಲೆಯನ್ನು ಹಲವು ಬಾರಿ ನೆನೆಸಬಹುದಾದ್ದರಿಂದ, ದುಬಾರಿಯೆನಿಸಿದರೂ ಅದು ನನ್ನ ದೃಷ್ಟಿಯಲ್ಲಿ ಲಾಭದಾಯಕವೇ. ಅಸ್ಸಾಂ, ಸಿಲೋನ್ ಮೊದಲಾದ ಕಪ್ಪು ಚಹಾಗಳಿಗೆ ಕುದಿಯುವ ನೀರು, ಮೂರರಿಂದ ಐದು ನಿಮಿಷ. (ಕ್ಯಾಮೊಮೈಲ್, ರೂಯಿಬೋಸ್ ಇತ್ಯಾದಿಗಳು ಬೇರೆ ಸಸ್ಯಗಳಾದ್ದರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ.)

ಉಷ್ಣಮಾಪಕವಿಲ್ಲದವರು ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಸಿಗುತ್ತದೆ. ಆದರೆ ನೀರನ್ನು ಮೊದಲು ಬೆರೆಸಿ, ಎಲೆಯನ್ನು ಆಮೇಲೆ ಹಾಕಬೇಕು.