ಕೊರಳಿನ ಅಳತೆ

ಜೈಲಿನ ಹೊಲಿಗೆ ವಿಭಾಗದಲ್ಲಿ ದಿನಾ ಸಂಜೆ ಕತ್ತರಿ ಎಣಿಸುತ್ತಿದ್ದರು. ಒಟ್ಟು ಒಂಬತ್ತು ಕತ್ತರಿ. ಒಂಬತ್ತೂ ಪೆಟ್ಟಿಗೆ ಸೇರಿ ಬೀಗ ಬಿದ್ದ ಮೇಲೆಯೇ ನಾವು ಬ್ಯಾರಕ್ಕಿಗೆ ಹೊರಡಬೇಕು. ಈಗ ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನದೇ ಒಂದು ಸಣ್ಣ ಅಂಗಡಿ ಇದೆ. ಇರುವುದು ಎರಡೇ ಕತ್ತರಿ. ಬಾಗಿಲು ಎಳೆಯುವ ಮುಂಚೆ ಇವತ್ತಿಗೂ ಅವನ್ನು ಎಣಿಸಿಯೇ ಒಳಗಿಡುತ್ತೇನೆ. ಮೊನ್ನೆ ಪೆರೋಲ್ ಮೇಲೆ ಬಂದಿದ್ದ ಹುಡುಗನೊಬ್ಬ ಅಂಗಡಿಯಲ್ಲಿ ಕುಳಿತು ಇದನ್ನು ನೋಡಿದ. ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಹೋಗುವಾಗ, “ಅಣ್ಣಾ, ಹೊರಗೆ ಬಂದ ಮೇಲೆ ಹೇಗೆ ಬದುಕಿದೆ, ಎಲ್ಲಿ ತಪ್ಪಿದೆ, ಅದನ್ನು ಬರೆದಿಡು. ನನಗೆ ಬೇಕಾಗುತ್ತದೆ” ಎಂದ. ಅವನಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳುತ್ತೇನೆ. ನಾನು ಕೊಲೆ ಮಾಡಿದವನು. ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಊರು ನಮ್ಮದು. 2003ರ ಬಿತ್ತನೆ ದಿನಗಳಲ್ಲಿ ದಾಯಾದಿಯೊಂದಿಗೆ ಹೊಲದ ಬದುವಿಗಾಗಿ ಜಗಳವಾಯಿತು. ಬದು ಮೂರು ಮೊಳ ಈಚೆಗೆ ಬಂದಿದೆ ಎಂಬುದು ನನ್ನ ತಕರಾರು. ಕೈಯಲ್ಲಿ ಕೊಡಲಿ ಇತ್ತು. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು, ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದವನು. ಸಂಜೆಯೊಳಗೆ ತೀರಿಕೊಂಡ. ನನಗೆ ಆಗ ಇಪ್ಪತ್ತಾರು, ಮಗಳಿಗೆ ಒಂದು ವರ್ಷ. ಜೀವಾವಧಿ ಶಿಕ್ಷೆಯಾಯಿತು. ಕಲಬುರಗಿಗೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ಅಪೀಲಿಗಾಗಿ ಅಣ್ಣ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಓಡಾಡಿದ. ಅಪೀಲು ವಜಾ ಆಯಿತು. ಆಗಬೇಕಾದದ್ದೇ ಆಯಿತು ಎಂದು ಇವತ್ತು ನಾನು ಹೇಳಬಲ್ಲೆ. ಆವತ್ತು ಹೇಳುತ್ತಿರಲಿಲ್ಲ.

ಒಳಗಿರುವವರಿಗೂ ಅವರ ಮನೆಯವರಿಗೂ ಒಂದು ಮಾತು ಸ್ಪಷ್ಟವಾಗಿರಬೇಕು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಅಲ್ಲ. ಹಗಲು ಬೇರೆ, ರಾತ್ರಿ ಬೇರೆ ಎಣಿಸಿ ಏಳು ವರ್ಷಕ್ಕೆ ಬಿಡುತ್ತಾರೆ ಎಂಬುದಂತೂ ಶುದ್ಧ ಸುಳ್ಳು. ಜೀವಾವಧಿ ಎಂದರೆ ಜೀವ ಇರುವ ತನಕ. ಕೊಲೆಯಂತಹ ಅಪರಾಧದಲ್ಲಿ ಹದಿನಾಲ್ಕು ವರ್ಷ ಪೂರ್ತಿ ಒಳಗಿದ್ದ ಮೇಲೆ ಸರ್ಕಾರ ಸನ್ನಡತೆ ನೋಡಿ ಬಿಡಬಹುದು. ಬಿಡಲೇಬೇಕೆಂದಿಲ್ಲ. ಬಿಟ್ಟರೂ ಷರತ್ತಿನ ಮೇಲೆ ಬಿಡುತ್ತಾರೆ, ಷರತ್ತು ಮುರಿದರೆ ಉಳಿದ ಶಿಕ್ಷೆಗೆ ಮತ್ತೆ ಒಳಗೆ. ನನ್ನ ಅವ್ವ ಗೋಡೆಯ ಮೇಲೆ ಇದ್ದಿಲಿನಿಂದ ಹದಿನಾಲ್ಕು ಗೆರೆ ಎಳೆದುಕೊಂಡು ವರ್ಷಕ್ಕೊಂದು ಅಳಿಸುತ್ತಿದ್ದಳು. ಗೆರೆಗಳೆಲ್ಲ ಮುಗಿದರೂ ಮಗ ಬರಲಿಲ್ಲ. ಯಾರಾದರೂ ಅವಳಿಗೆ ಸರಿಯಾಗಿ ಹೇಳಿದ್ದರೆ ಆ ಕೊನೆಯ ವರ್ಷ ಅವಳು ಅಷ್ಟು ಕುಸಿಯುತ್ತಿರಲಿಲ್ಲ.

ಬಿಡುಗಡೆಯಾದದ್ದು 2019ರಲ್ಲಿ, ತೊಗರಿ ರಾಶಿ ಮುಗಿಯುತ್ತ ಬಂದ ದಿನಗಳಲ್ಲಿ. ಗುಲಬರ್ಗಾದಲ್ಲಿ ಒಳಗೆ ಹೋದವನು ಕಲಬುರಗಿಯಲ್ಲಿ ಹೊರಗೆ ಬಂದೆ. 2014ರ ನವೆಂಬರಿನಲ್ಲಿ ಹೆಸರು ಬದಲಾದದ್ದು ಒಳಗಿದ್ದಾಗಲೇ ಗೊತ್ತಿತ್ತು. ಆದರೂ ಬಸ್ಸಿನ ಫಲಕದ ಮೇಲೆ ಓದಿದಾಗ ಬೇರೆ ಯಾವುದೋ ಊರಿಗೆ ಬಂದಂತಾಯಿತು. ಅವ್ವ ಅದಕ್ಕೂ ಒಂದು ವರ್ಷ ಮೊದಲೇ ಹೋಗಿದ್ದಳು. ಅಣ್ಣ ಅವಳ ಪೆಟ್ಟಿಗೆಯಲ್ಲಿದ್ದ ಹಳೆಯ ತಗಡಿನ ಡಬ್ಬಿಯನ್ನು ನನ್ನ ಕೈಗಿಟ್ಟ. ಜೈಲಿನ ಕೂಲಿಯಿಂದ ನಾನು ಕಳಿಸುತ್ತಿದ್ದ ಮನಿಯಾರ್ಡರ್ ಹಣವನ್ನು ಅವಳು ಮುಟ್ಟಿರಲೇ ಇಲ್ಲ. ಚಿಲ್ಲರೆ ಕೂಡಿದಾಗಲೆಲ್ಲ ಐನೂರರ ನೋಟು ಮಾಡಿಸಿ, ಯಾರಿಗೂ ಹೇಳದೆ ಬಚ್ಚಿಟ್ಟಿದ್ದಳು. ಹನ್ನೊಂದು ನೋಟು. ಹನ್ನೊಂದೂ 2016ರಲ್ಲಿ ರದ್ದಾದ ಹಳೆಯ ನೋಟುಗಳು. ಡಬ್ಬಿ ಈಗಲೂ ನನ್ನ ಬಳಿ ಇದೆ, ಅದರಲ್ಲಿ ಗುಂಡಿ ಇಡುತ್ತೇನೆ. ನೋಟುಗಳು ತಳದಲ್ಲಿವೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಡುಗಡೆಯ ದಿನ ಕೊಡುವ ಪ್ರಮಾಣಪತ್ರವನ್ನು ನಾಚಿಕೊಂಡು ಹರಿದು ಹಾಕಬೇಡಿ. ನನ್ನ ಜೊತೆ ಬಂದವನೊಬ್ಬ ಬಸ್ ನಿಲ್ದಾಣದಲ್ಲೇ ಹರಿದು ಆಮೇಲೆ ಪರದಾಡಿದ. ಐದು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಇಷ್ಟು ವರ್ಷ ಎಲ್ಲಿದ್ದೆ ಎಂಬ ಪ್ರಶ್ನೆಗೆ ಅದೊಂದೇ ಉತ್ತರ. ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿಗೆ ಹೆಸರು, ಈ ಕ್ರಮದಲ್ಲಿ ಹೋದರೆ ಸುಲಭ. ಎಲ್ಲಿಯಾದರೂ ಸಿಕ್ಕಿಕೊಂಡರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ನನ್ನ ಅರ್ಜಿಗಳಲ್ಲಿ ಎರಡನ್ನು ಅಲ್ಲಿನವರೇ ಬರೆದುಕೊಟ್ಟರು. ಮತದಾನದ ಹಕ್ಕು ಸೆರೆಯಲ್ಲಿರುವ ತನಕ ಮಾತ್ರ ಇರುವುದಿಲ್ಲ. ಹೊರಗೆ ಬಂದು ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಎಲ್ಲರಂತೆ ನಾವೂ ಮತದಾರರು. 2023ರ ಮೇ 10ರಂದು ವಿಧಾನಸಭಾ ಚುನಾವಣೆಯಲ್ಲಿ ಮತ ಹಾಕಿದೆ. ಬೆರಳಿನ ಶಾಯಿ ಮಾಸುವ ತನಕ ಆ ಕೈಗೆ ಸೋಪು ತಾಗದಂತೆ ನೋಡಿಕೊಂಡೆ.

ಇನ್ನು ಕೆಲಸ. ನಾನು ತಪ್ಪಿದ್ದು ಇಲ್ಲಿಯೇ.

ಊರಿಗೆ ಹೋಗುವ ಮುಖವಿರಲಿಲ್ಲ. ಹೊಲಿಗೆ ಬರುತ್ತಿತ್ತು, ಯಂತ್ರ ಇರಲಿಲ್ಲ. ಗಂಜಿನ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಕೆಲಸ ಸಿಕ್ಕಿತು. ಎಲ್ಲಿಂದ ಬಂದೆ ಎಂದು ಮುನೀಮರು ಕೇಳಿದಾಗ, ಹದಿನೈದು ವರ್ಷ ಮುಂಬೈಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದೆ ಎಂದೆ. ನಮ್ಮ ಕಡೆಯ ಎಷ್ಟೋ ಜನ ದುಡಿಯಲು ಮುಂಬೈ, ಪುಣೆ ಸೇರುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಒಂದು ಸುಳ್ಳಿಗೆ ದಿನವೂ ಮೇವು ಹಾಕಬೇಕು. ಮುಂಬೈಯಲ್ಲಿ ಎಲ್ಲಿ ಇದ್ದೆ, ಯಾರ ಕೈಕೆಳಗೆ ದುಡಿದೆ, ಹೆಂಡತಿ ಯಾಕೆ ಜೊತೆಗಿಲ್ಲ, ಒಂದೊಂದಕ್ಕೂ ಹೊಸ ಕಥೆ. ಚೀಲ ಹೊತ್ತ ಬೆನ್ನು ರಾತ್ರಿ ಮಲಗಿದರೆ ನೆಟ್ಟಗಾಗುತ್ತಿತ್ತು. ಮನಸ್ಸಿಗೆ ಮಾತ್ರ ನಿದ್ದೆ ಇರಲಿಲ್ಲ. ನಾಲ್ಕನೆಯ ತಿಂಗಳು ತೊಗರಿ ಮಾರಲು ಬಂದ ನಮ್ಮ ತಾಲ್ಲೂಕಿನ ರೈತನೊಬ್ಬ ನನ್ನನ್ನು ನೋಡಿ ನಿಂತುಬಿಟ್ಟ. ಅವನು ಏನೂ ಅನ್ನಲಿಲ್ಲ, ನೇರವಾಗಿ ಕಚೇರಿಯೊಳಗೆ ಹೋದ. ಸಂಜೆ ಮುನೀಮರು ನನ್ನ ಲೆಕ್ಕ ಪೂರ್ತಿ ಚುಕ್ತಾ ಮಾಡಿ, “ನಾಳೆಯಿಂದ ಬರಬೇಡ” ಎಂದರು. ಕೊನೆಗೆ ಇಷ್ಟು ಸೇರಿಸಿದರು: “ಜೈಲಿಗೆ ಹೋಗಿದ್ದೆ ಅಂದಿದ್ದರೆ ಸಾಹುಕಾರರಿಗೆ ನಾನೇ ಹೇಳುತ್ತಿದ್ದೆ. ಈಗ ನಿನ್ನ ಯಾವ ಮಾತನ್ನು ನಂಬಲಿ?”

ಅವರು ಹಾಗೆ ಕೇಳಿದ್ದು ಸರಿ. ಅಂದೇ ನಿರ್ಧಾರ ಮಾಡಿದೆ, ನನ್ನ ವಿಷಯವನ್ನು ಇನ್ನೊಬ್ಬರು ಹೇಳುವ ಮುಂಚೆ ನಾನೇ ಹೇಳಬೇಕು.

ಹೇಳಿದ ಕಡೆಗಳಲ್ಲೆಲ್ಲ ಬಾಗಿಲು ತೆರೆಯಲಿಲ್ಲ. ಮೂರು ಮನೆಯ ಮಾಲೀಕರು ಬಾಡಿಗೆಗೆ ಕೋಣೆ ಕೊಡಲಿಲ್ಲ. ಒಂದು ಅಂಗಡಿಯವರು ಚಹಾ ಕುಡಿಸಿ ಕಳಿಸಿದರು. ದರ್ಗಾ ರಸ್ತೆಯ ಕಡೆ ವಯಸ್ಸಾದ ಚಾಚಾ ಒಬ್ಬರ ಹೊಲಿಗೆ ಅಂಗಡಿ ಇತ್ತು. ಬಾಗಿಲಲ್ಲೇ ನಿಂತು, “ಚಾಚಾ, ನಾನು ಕೊಲೆ ಮಾಡಿ ಹದಿನೈದು ವರ್ಷ ಜೈಲಿನಲ್ಲಿದ್ದು ಬಂದವನು. ಹೊಲಿಗೆ ಬರುತ್ತದೆ” ಎಂದೆ. ಅವರು ತುಸು ಹೊತ್ತು ಕೈಯಲ್ಲಿದ್ದ ಅಂಗಿಯನ್ನೇ ನೋಡುತ್ತಿದ್ದರು. ಆಮೇಲೆ, “ಕಾಜ ಮಾಡಲು ಬರುತ್ತದೆಯೇ?” ಎಂದು ಕೇಳಿದರು. ಬರುತ್ತದೆ ಎಂದೆ. ಅಂಗಿ, ಸೂಜಿದಾರ ಕೊಟ್ಟು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಆರು ಕಾಜ ಮುಗಿಸಿ ಕೊಟ್ಟೆ. ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಉಗುರಿನಿಂದ ಎಳೆದು ನೋಡಿದರು. “ನಾಲ್ಕನೆಯದು ಸಡಿಲವಾಗಿದೆ, ಬಿಚ್ಚಿ ಮತ್ತೆ ಮಾಡು.” ಅಷ್ಟೇ. ಕೊಲೆಯ ಬಗ್ಗೆ ಅವರು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಕಾಜ, ಗುಂಡಿ, ಅಂಚು ಮಡಚುವುದು, ಇಸ್ತ್ರಿ. ಆರು ತಿಂಗಳು ಇದೇ. ಅಳತೆಯನ್ನು ಚಾಚಾ ಅವರೇ ತೆಗೆಯುತ್ತಿದ್ದರು. ನನಗೂ ಅದೇ ಬೇಕಿತ್ತು. ಒಂದು ಸಲ ಅವರು ನಮಾಜಿಗೆ ಹೋಗಿದ್ದಾಗ ಗಿರಾಕಿಯೊಬ್ಬರು ಬಂದರು. ಪಕ್ಕದ ಅಂಗಡಿಯವನು ಹೊರಗೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಟೇಪು ಹಿಡಿದು ಎದ್ದು ನಿಂತಿದ್ದೆ. ಅವರ ಕೈ ತಾನಾಗಿ ಕೊರಳಿಗೆ ಹೋಯಿತು. “ಆಮೇಲೆ ಬರುತ್ತೇನೆ” ಎಂದು ಹೋಗಿಬಿಟ್ಟರು. ಅಂಗಿಯ ಅಳತೆಯಲ್ಲಿ ಎದೆ, ಭುಜ, ತೋಳು ಎಲ್ಲ ಸರಿ. ಕೊರಳಿಗೆ ಟೇಪು ಸುತ್ತುವಾಗ ಮಾತ್ರ ಮನುಷ್ಯ ಗದ್ದ ಎತ್ತಿ, ಕಣ್ಣು ಮೇಲೆ ಮಾಡಿ ನಿಲ್ಲಬೇಕು. ಆ ಒಂದು ಕ್ಷಣ ಅವನು ತನ್ನ ಕೊರಳನ್ನು ನಮ್ಮ ಕೈಗೆ ಕೊಟ್ಟಿರುತ್ತಾನೆ. ಅದನ್ನು ಕೇಳುವ ಅಧಿಕಾರ ನನಗಿದೆಯೇ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆದದ್ದರಿಂದ ಇಲ್ಲಿನ ಭಯವನ್ನು ಬೇರೆ ಊರಿನವರು ಊಹಿಸಲಾರರು. ಅಂಗಡಿ ಮುಚ್ಚಿತು. ಚಾಚಾ ಒಂದು ಹಳೆಯ ಕಾಲುಯಂತ್ರವನ್ನೂ ಎರಡು ಗಂಟು ಬಟ್ಟೆಯನ್ನೂ ನನ್ನ ಕೋಣೆಗೆ ಕಳಿಸಿದರು: ಮಾಸ್ಕ್ ಹೊಲಿ. ಮಾಸ್ಕಿಗೆ ಅಳತೆ ಬೇಡ. ಯಾರನ್ನೂ ಮುಟ್ಟಬೇಕಿಲ್ಲ. ಆ ದಿನಗಳಲ್ಲಿ ಎಲ್ಲರೂ ಎಲ್ಲರಿಂದ ದೂರ ನಿಲ್ಲುತ್ತಿದ್ದುದರಿಂದ ನನ್ನಿಂದ ದೂರ ನಿಂತದ್ದು ಎದ್ದು ಕಾಣುತ್ತಲೂ ಇರಲಿಲ್ಲ. ಓಣಿಯ ಮನೆಗಳ ಕಿಟಕಿಗೆ ಉಚಿತವಾಗಿಯೇ ಮಾಸ್ಕ್ ಸಿಕ್ಕಿಸಿ ಬರುತ್ತಿದ್ದೆ. ಎದುರು ಮನೆಯ ಅಕ್ಕ ಒಂದು ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಾಗಿಲಲ್ಲಿಟ್ಟು ಹೋಗಿದ್ದರು. ಅವರಿಗೆ ನನ್ನ ವಿಷಯ ಗೊತ್ತಿತ್ತು. ಗೊತ್ತಿದ್ದು ಇಟ್ಟಿದ್ದರು.

ಕೊನೆಗೆ ಟೇಪು ನನ್ನ ಕೈಗೆ ಬಂದದ್ದು 2022ರ ರಂಜಾನಿನಲ್ಲಿ. ಅಂಗಡಿ ತುಂಬ ಜನ, ಚಾಚಾ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ತಮ್ಮ ಕೊರಳಲ್ಲಿದ್ದ ಟೇಪು ತೆಗೆದು ನನ್ನ ಕೊರಳಿಗೆ ಹಾಕಿ, “ಆ ಹುಡುಗನ ಅಳತೆ ತೆಗೆ” ಎಂದರು. ಕಾಲೇಜು ಹುಡುಗ. ಕೊರಳಿನ ಅಳತೆಗೆ ಟೇಪಿನ ಒಳಗೆ ಎರಡು ಬೆರಳು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲರ್ ಬಿಗಿಯಾಗುತ್ತದೆ. ನನ್ನ ಎರಡು ಬೆರಳಿಗೆ ಅವನ ನಾಡಿ ತಾಗುತ್ತಿತ್ತು. ಹದಿನಾಲ್ಕೂವರೆ ಎಂದು ಬರೆದುಕೊಂಡೆ, ನಂಬಿಕೆ ಬರದೆ ಮತ್ತೊಮ್ಮೆ ಅಳೆದೆ. ಹುಡುಗ ಮೊಬೈಲ್ ನೋಡುತ್ತಿದ್ದ.

ಅವನಿಗೆ ನಾನು ಯಾರೆಂದು ಹೇಳಬೇಕಿತ್ತೇ? ಪೆರೋಲಿನ ಹುಡುಗನೂ ಇದನ್ನೇ ಕೇಳಿದ. ನನ್ನ ಲೆಕ್ಕ ಹೀಗಿದೆ. ಕೆಲಸ ಕೊಡುವವರಿಗೆ, ಕೋಣೆ ಕೊಡುವವರಿಗೆ, ನೆಂಟಸ್ತನ ಬೆಳೆಸುವವರಿಗೆ ಹೇಳಲೇಬೇಕು. ಅವರು ತಮ್ಮ ಬದುಕಿನ ಒಂದು ಭಾಗವನ್ನು ನಮ್ಮ ಮೇಲೆ ಇಡುತ್ತಾರೆ. ದಾರಿಹೋಕ ಗಿರಾಕಿಗೆ ಹೇಳಬೇಕಿಲ್ಲ. ಆದರೆ ಅವನಾಗಿ ಕೇಳಿದರೆ ಸುಳ್ಳು ಹೇಳಕೂಡದು. ಈ ಲೆಕ್ಕ ತಪ್ಪಿರಬಹುದು, ನಾನು ಇದರ ಮೇಲೆ ನಡೆಯುತ್ತಿದ್ದೇನೆ.

ಚಾಚಾ ಮಗನ ಬಳಿ ಹೈದರಾಬಾದಿಗೆ ಹೋದ ಮೇಲೆ ನಾನು ಬ್ರಹ್ಮಪುರದಲ್ಲಿ ಅಂಗಡಿ ಹಾಕಿದೆ. 2023ರ ಸೆಪ್ಟೆಂಬರಿನಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ಬಂತು. ಅದರ ಹದಿನೆಂಟು ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಸಲಕರಣೆಗೆ 15,000 ರೂಪಾಯಿವರೆಗೆ, ತರಬೇತಿ ಮುಗಿಸಿದರೆ ಶೇ. 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ನನ್ನ ಕರೆಂಟ್ ಯಂತ್ರ ಬಂದದ್ದು ಹಾಗೆ. ಒಳಗೆ ಕಸುಬು ಕಲಿತವರು ಇದನ್ನು ವಿಚಾರಿಸಿ ನೋಡಿ. ಕಸುಬು ಕಲಿಯದವರಿಗೆ ನನ್ನದೊಂದು ಬೇಡಿಕೆ ಇದೆ: ಬಡಗಿ ಕೆಲಸವೋ ಬೇಕರಿ ಕೆಲಸವೋ, ಯಾವುದು ಸಿಕ್ಕಿದರೂ ಕೈಗೆ ಹತ್ತಿಸಿಕೊಂಡೇ ಬನ್ನಿ. ನನ್ನ ಬಾಯಿಯ ಮಾತನ್ನು ನಂಬದವರು ಕೈಯ ಕಾಜವನ್ನು ನಂಬಿದ್ದಾರೆ.

ಊರಿನ ಮಾತು ಉಳಿಯಿತು. ಆ ಮೂರು ಮೊಳ ನೆಲ, ಅದರ ಜೊತೆ ನನ್ನ ಪಾಲಿನ ಅರ್ಧ ಎಕರೆಯನ್ನು ತೀರಿಕೊಂಡವನ ಮಕ್ಕಳ ಹೆಸರಿಗೆ ಮಾಡಿಸಿಕೊಟ್ಟೆ. ಅಣ್ಣನೇ ನಡುವೆ ನಿಂತು ಓಡಾಡಿದ. ಉಪನೋಂದಣಿ ಕಚೇರಿಯಲ್ಲಿ ಅತ್ತಿಗೆ, ಅಂದರೆ ತೀರಿಕೊಂಡವನ ಹೆಂಡತಿ, ಮೂರು ಹೆಜ್ಜೆ ದೂರದಲ್ಲಿದ್ದರು. ನನ್ನ ಕಡೆ ನೋಡಲಿಲ್ಲ. ಕ್ಷಮೆ ಕೇಳಬೇಕೆಂದು ಹೋದವನು ಕೇಳದೆ ಬಂದೆ. ಕೇಳಿದ್ದರೆ ಆ ಜನರ ನಡುವೆ ಅವರು ಏನಾದರೂ ಉತ್ತರ ಕೊಡಲೇಬೇಕಾಗುತ್ತಿತ್ತು. ಆ ಭಾರವನ್ನೂ ಅವರ ಮೇಲೆ ಹಾಕುವುದು ಬೇಡವೆನಿಸಿತು. ನೆಲ ಕೊಟ್ಟಿದ್ದಕ್ಕೆ ಏನೂ ತೀರಲಿಲ್ಲ. ಊರ ಜಾತ್ರೆಗೆ ನಾನು ಇಂದಿಗೂ ಹೋಗುವುದಿಲ್ಲ, ಏಕೆಂದರೆ ಅವರು ಹೋಗುತ್ತಾರೆ.

ಹೆಂಡತಿ ಮಗಳನ್ನು ಕಟ್ಟಿಕೊಂಡು ಶಹಾಪುರದ ತವರಿನಲ್ಲಿ ಉಳಿದಳು. ನಾನು ಒಳಗಿದ್ದಾಗಲೇ, 2010ರ ಸುಮಾರಿಗೆ, ಆ ಊರು ಯಾದಗಿರಿ ಜಿಲ್ಲೆಗೆ ಸೇರಿತು. ಮಗಳು ನನ್ನನ್ನು ಕಾಣಲು ಮೊದಲ ಸಲ ಬಂದಾಗ “ಚೆನ್ನಾಗಿದ್ದೀರಾ?” ಎಂದು ಕೇಳಿದಳು. ನಮ್ಮ ಕಡೆ ಅಪ್ಪನಿಗೆ ಮಗಳು “ನೀನು” ಎನ್ನುತ್ತಾಳೆ. “ನೀವು” ಎನ್ನುವುದು ಬ್ಯಾಂಕಿನವರಿಗೆ, ಮೇಷ್ಟರಿಗೆ. ತಿದ್ದಲು ಹೋಗಲಿಲ್ಲ. ಐದು ವರ್ಷ ಫೋನಿನಲ್ಲಿ “ಊಟ ಮಾಡಿದಿರಾ”, “ಔಷಧ ತೆಗೆದುಕೊಂಡಿರಾ” ಎಂದೇ ನಡೆಯಿತು. ಹೊರಗೆ ಬಂದ ಕೂಡಲೇ ಮನೆಯವರು ಕೊರಳಿಗೆ ಬೀಳಬೇಕು ಎಂದುಕೊಂಡು ಬರುವ ತಮ್ಮಂದಿರಿಗೆ ಇದನ್ನು ಹೇಳುತ್ತಿದ್ದೇನೆ. ನಾವು ಇಲ್ಲದೆ ಬದುಕುವುದನ್ನು ಅವರು ಕಷ್ಟಪಟ್ಟು ಕಲಿತಿರುತ್ತಾರೆ. ಅದನ್ನು ಮರೆಯಿರಿ ಎಂದು ಅವಸರ ಮಾಡಬಾರದು.

ಹೋದ ತಿಂಗಳು ಅವಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಕಳಿಸಿದ್ದಳು. ಒಳಗೆ ಹೊಸ ಖಣ, ಅಳತೆಗೆಂದು ಒಂದು ಹಳೆಯ ಕುಬಸ, ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿ: “ತೋಳು ಒಂದು ಇಂಚು ಉದ್ದ ಇಡು. ಸೋಮವಾರದೊಳಗೆ ಬೇಕು.”

ಇಡಿ ಎಂದಿರಲಿಲ್ಲ. ಇಡು ಎಂದಿತ್ತು. ಭಾನುವಾರ ರಾತ್ರಿಯೇ ಮುಗಿಸಿ, ಕತ್ತರಿ ಎಣಿಸಿಟ್ಟು, ಮೊದಲ ಬಸ್ಸಿಗೆ ಕಳಿಸಿದೆ.